ಫುಕುವೋಕದ ಬಟ್ಟಲು

ನಾಗೋಯದ ಆ ವಸತಿಗೃಹದಲ್ಲಿ ದೇಶದ ದೊಡ್ಡ ಊರುಗಳೆಲ್ಲ ಬೆಳಿಗ್ಗೆ ಏಳಕ್ಕೆ ಊಟಕ್ಕೆ ಕೂರುತ್ತಿದ್ದವು. ಬಾಗಿಲ ಬಳಿ ಸಪ್ಪೊರೊ, ಪಕ್ಕದಲ್ಲಿ ಸೆಂಡಾಯಿ, ಎದುರಿಗೆ ಒಸಾಕಾ, ಕಿಟಕಿಯ ಹತ್ತಿರ ಫುಕುವೋಕ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ವರ್ಗವಾಗಿ ಬಂದ ಒಂದೇ ಕಂಪನಿಯ ಗಂಡಸರು ಅವರು. ಅಡುಗೆ ಮಾಡಿ ಮನೆ ನೋಡಿಕೊಳ್ಳುವ ತೊಮಿಯೆ ಇನಗಾಕಿ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. “ಸಪ್ಪೊರೊ, ಅನ್ನ ಬಿಡ್ಬೇಡಪ್ಪ”, “ಸೆಂಡಾಯಿ, ನಿನ್ನ ಕಾಲುಚೀಲ ಒಣಗಿದೆ” ಎನ್ನುತ್ತಿದ್ದಳು. ಅವರು ಅವಳನ್ನು ಅಮ್ಮ ಎನ್ನುತ್ತಿದ್ದರು.

ಇದರಲ್ಲಿ ಒಂದು ಊರನ್ನೂ ಅವಳು ಕಂಡಿರಲಿಲ್ಲ. ಸೋಯಾ ಕಾಳು ಹುದುಗಿಸಿ ಸಾರಿಗೆ ಹಾಕುವ ಮಿಸೊ ಮಾಡುವ ಕಾರ್ಖಾನೆಯಲ್ಲಿ ಪೀಪಾಯಿ ತುಂಬುತ್ತಿದ್ದ ಗಂಡ ಅವಳ ಮೂವತ್ತೆಂಟಕ್ಕೇ ತೀರಿಕೊಂಡ, ಮಕ್ಕಳಿರಲಿಲ್ಲ. ಅಂದಿನಿಂದ ಇಪ್ಪತ್ತಮೂರು ವರ್ಷ ಇದೇ ಅಡುಗೆಮನೆ. ಊರುಗಳು ಅವಳಿಗೆ ನಾಲಿಗೆಯ ಮೂಲಕ ಗೊತ್ತು: ಸೆಂಡಾಯಿಗೆ ಉಪ್ಪು ಮುಂದು, ಒಸಾಕಾಗೆ ಸಾರು ತಿಳಿಯಾಗಿರಬೇಕು. ಆದರೆ ಬೆಳಗಿನ ಸಾರಿನ ಬಟ್ಟಲು ಮಾತ್ರ ಎಲ್ಲರಿಗೂ ಒಂದೇ. ನಾಗೋಯದವರ ಕಪ್ಪುಗೆಂಪು ಮಿಸೊ, ಎರಡು ಬೇಸಿಗೆ ಕಲ್ಲಿನ ಭಾರದ ಕೆಳಗೆ ಕೂತು ಗಟ್ಟಿಯಾದದ್ದು.

ಫುಕುವೋಕದ ಉಷಿಜಿಮಾ ಬಂದ ಮೊದಲ ವಾರವೇ ಒಂದು ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೆಂಡತಿ ಕಳಿಸಿದ ಬಾರ್ಲಿ ಮಿಸೊ. ತನಗೊಬ್ಬನಿಗೆ ಅದರಲ್ಲಿ ಸಾರು ಮಾಡಿಕೊಡಬೇಕಂತೆ. ತೊಮಿಯೆ ಮಾಡಿಕೊಟ್ಟಳು. ಒಂದೂವರೆ ವರ್ಷ ದಿನವೂ ಬೇರೆ ಪಾತ್ರೆಯಿಟ್ಟು, ಆ ಸಿಹಿ ವಾಸನೆಗೆ ಮುಖ ತಿರುಗಿಸಿಕೊಂಡು ಮಾಡಿಕೊಟ್ಟಳು. ತಿಂಗಳಿಗೊಮ್ಮೆ ಆ ಮಿಸೊದ ತಣ್ಣನೆಯ ಪೆಟ್ಟಿಗೆ ಬಂದಾಗ ಅದರ ಮೇಲಿನ ಅವನ ಹೆಂಡತಿಯ ದುಂಡನೆಯ ಅಕ್ಷರವನ್ನು ನೋಡುವಳು. ಅಕ್ಷರ ಚೆನ್ನಾಗಿತ್ತು. ಅದೂ ಸಿಟ್ಟಿಗೆ ಕಾರಣವಾಯಿತು.

ಎರಡನೆಯ ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಬಾರ್ಲಿ ಮಿಸೊ ಮುಗಿದಿತ್ತು. ತೊಮಿಯೆ ತನ್ನ ಕೆಂಪು ಸಾರನ್ನೇ ಕೊಟ್ಟಳು. ಮೂರು ದಿನ ಅದನ್ನೇ ಕುಡಿದ. ನಾಲ್ಕನೆಯ ದಿನ ಊರಿಂದ ಡಬ್ಬಿ ಬಂದರೂ, “ಅಮ್ಮಾ, ನಿಮ್ಮದೇ ಇರ್ಲಿ” ಎಂದ. ಡಬ್ಬಿ ಹಾಗೇ ಫ್ರಿಜ್ಜು ಸೇರಿತು. ತೊಮಿಯೆ ಅದನ್ನು ಹಿಂದಕ್ಕೆ ತಳ್ಳಲಿಲ್ಲ. ಬಾಗಿಲು ತೆಗೆದಾಗಲೆಲ್ಲ ಕಣ್ಣಿಗೆ ಬೀಳುವಂತೆ ಮುಂದೆಯೇ ಇಟ್ಟುಕೊಂಡಳು.

ಅವನ ಮೂರನೆಯ ವರ್ಷದ ನವೆಂಬರಿನಲ್ಲಿ ಆ ಅಕ್ಷರದವಳೇ ಬಂದಳು. ಹೆಸರು ಕಜುಯೊ. ಐವತ್ತರ ಹತ್ತಿರದ ಹೆಂಗಸು, ಬಿಸಿಲು ಕಂಡ ಮುಖ, ಕೈಯಲ್ಲಿ ಸಿಹಿಯ ಪೊಟ್ಟಣ. ಹೋಟೆಲಿನಲ್ಲಿ ಇಳಿದುಕೊಂಡಿದ್ದಳು. ಊಟದ ಮನೆಯಲ್ಲಿ ಒಸಾಕಾದವನು ಸುಮ್ಮನಿರಲಿಲ್ಲ.

“ಅಮ್ಮಾ, ಸವತಿ ಬಂದ್ಲು. ನಾಳೆ ಸಾರಿಗೆ ಉಪ್ಪು ಜಾಸ್ತಿ ಬೀಳುತ್ತೆ ನೋಡಿ.”

“ನಿನ್ನ ಬಟ್ಟಲಿಗೆ ಮಾತ್ರ ಬೀಳುತ್ತೆ,” ಎಂದಳು ತೊಮಿಯೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಕಜುಯೊ ಅಡುಗೆಮನೆಗೆ ಬಂದು ಬಾಗಿ ನಮಸ್ಕರಿಸಿದಳು. ಸುತ್ತಿ ಬಳಸಿ ಮಾತಾಡುವವಳಲ್ಲ.

“ಊರಿಗೆ ಬಂದ್ರೆ ಇವ್ರು ನಾಲಿಗೆಯನ್ನ ಇಲ್ಲೇ ಬಿಟ್ಟು ಬರ್ತಾರೆ, ಇನಗಾಕಿ-ಸಾನ್. ನನ್ನ ಸಾರು ಈಗ ಬರೀ ಸಿಹಿನೀರಂತೆ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು, ಮುಚ್ಚಿಡೋದೇನು? ಮಾರ್ಚ್‌ಗೆ ವಾಪಸ್ ವರ್ಗ ಆಗಿದೆ. ಅಷ್ಟರಲ್ಲಿ ನನಗೂ ಕಲಿಸಿಕೊಡಿ.”

ವರ್ಗದ ಸುದ್ದಿ ತೊಮಿಯೆಗೆ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ. ಬೆಳಿಗ್ಗೆ ಐದಕ್ಕೆ ಬನ್ನಿ, ಕಲಿಸಿಕೊಡುತ್ತೇನೆ ಎಂದಳು.

ಮರುದಿನ ತಾನು ನಾಲ್ಕಕ್ಕೇ ಎದ್ದಳು. ಅವಳ ಸಾರಿನ ಜೀವ ಮಿಸೊದಲ್ಲಷ್ಟೇ ಇರಲಿಲ್ಲ. ಬಂಗುಡೆ ಜಾತಿಯ ಒರಟು ಒಣಮೀನಿನ ಚಕ್ಕೆಯನ್ನು ಮೊದಲು ಕುದಿಸಿ ಬಸಿಯಬೇಕು. ಆ ಕಟುವಾಸನೆಯೇ ಕಪ್ಪುಗೆಂಪಿಗೆ ಜೋಡಿ. ತೊಮಿಯೆ ಅದನ್ನು ಕುದಿಸಿ, ಬಸಿದು, ಚರಟವನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಹಾಕಿ, ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟಳು. ಐದಕ್ಕೆ ಕಜುಯೊ ಬಂದಾಗ ಒಲೆಯ ಮೇಲಿದ್ದದ್ದು ನೋಡುವವರಿಗೆ ಕಾದ ನೀರು.

ಅದಕ್ಕೆ ಎಲ್ಲ ಅಂಗಡಿಯಲ್ಲೂ ಸಿಗುವ ಮಾಮೂಲಿ ಮೀನಿನ ಚಕ್ಕೆ ಒಂದು ಹಿಡಿ ಹಾಕಿ ತೋರಿಸಿದಳು. ಕೆಂಪು ಮಿಸೊ ಕುದಿದರೂ ಕೆಡುವುದಿಲ್ಲ ಎಂಬ ನಿಜವನ್ನೂ ಹೇಳಿದಳು. ಕಜುಯೊ ಎಲ್ಲವನ್ನೂ ಆ ದುಂಡನೆಯ ಅಕ್ಷರದಲ್ಲಿ ಬರೆದುಕೊಂಡಳು. ರುಚಿ ನೋಡಿ ಕಣ್ಣು ಮುಚ್ಚಿದಳು.

“ಇದೇ. ಇಷ್ಟೇನಾ?”

“ಇಷ್ಟೇ,” ಎಂದಳು ತೊಮಿಯೆ. ಹೊರಡುವಾಗ ಎರಡು ಕಿಲೋ ಮಿಸೊ ಕಟ್ಟಿಕೊಟ್ಟಳು. ಧಾರಾಳವಾಗಿ ಕೊಡುವುದಕ್ಕೆ ಅವಳಿಗೆ ಆ ಹೊತ್ತು ಕಷ್ಟವೇನಿರಲಿಲ್ಲ.

ಮಾರ್ಚ್‌ನಲ್ಲಿ ಉಷಿಜಿಮಾ ಹೋದ. ಏಪ್ರಿಲ್‌ನಿಂದ ಕಿಟಕಿಯ ಜಾಗ ಖಾಲಿ. ಫುಕುವೋಕದಲ್ಲಿ ಅವನು ಬಟ್ಟಲು ಕೆಳಗಿಟ್ಟು ಏನೋ ಕಡಿಮೆ ಎನ್ನುತ್ತಿರುತ್ತಾನೆ, ತನ್ನನ್ನು ನೆನೆಯುತ್ತಿರುತ್ತಾನೆ ಎಂದುಕೊಳ್ಳುವುದು ತೊಮಿಯೆಗೆ ದಿನಚರಿಯಾಯಿತು. ಪಾತ್ರೆ ತೊಳೆಯುವಾಗ ಇದನ್ನೇ ಮೆಲುಕು ಹಾಕುವಳು.

ಹೊಸ ವರ್ಷದ ಕಾರ್ಡುಗಳ ಜೊತೆ ಅವರದ್ದೂ ಬಂತು. ಕಜುಯೊ ಬರೆದಿದ್ದಳು: ನೀವು ಹೇಳಿದಂತೆಯೇ ಮಾಡಿದೆ. ಆರು ತಿಂಗಳು ಇವರು ಇದಲ್ಲ, ಇದಲ್ಲ ಎಂದರು. ನನ್ನ ಕೈಗೆ ಒಲಿಯದ ಅಡುಗೆ ಅದು. ನೀವು ಕೊಟ್ಟ ಮಿಸೊ ಮುಗಿದ ಮೇಲೆ ಮತ್ತೆ ನಮ್ಮ ಬಾರ್ಲಿಗೇ ಬಂದೆವು. ಈಗ ಇವರು ಆ ಮಾತೇ ಎತ್ತುವುದಿಲ್ಲ.

ಕೆಳಗೆ ಅವನ ಕೈಯ ಒಂದು ಸಾಲು: ಇನಗಾಕಿ-ಸಾನ್, ಆರೋಗ್ಯ ನೋಡಿಕೊಳ್ಳಿ.

ಅಮ್ಮ ಎಂದಿರಲಿಲ್ಲ.

ತೊಮಿಯೆ ಕಾರ್ಡನ್ನು ಎರಡು ಸಲ ಓದಿದಳು. ನಿಜ ಹೇಳಿದ್ದರೆ ಆ ಮನೆಯಲ್ಲಿ ದಿನವೂ ಬೆಳಿಗ್ಗೆ ತನ್ನ ಬಟ್ಟಲು ಕುದಿಯುತ್ತಿತ್ತು, ಇನ್ನೊಬ್ಬಳ ಕೈಯಲ್ಲಾದರೂ. ತಾನೇ ಅದನ್ನು ಅಳಿಸಿದ್ದಳು. ಅಂಗಡಿಗೆ ಹೋಗಿ ಒರಟು ಚಕ್ಕೆಯ ಒಂದು ಪೊಟ್ಟಣ ತಂದು ವಿಳಾಸ ಬರೆದಳು. ಜೊತೆಗಿಡಲು ಒಂದು ವಾಕ್ಯ ಬೇಕಿತ್ತು. ಯಾವ ವಾಕ್ಯ ಬರೆದರೂ ಅಂದು ನಸುಕಿನ ನಾಲ್ಕಕ್ಕೆ ಮಾಡಿದ ಕೆಲಸ ಬಯಲಾಗುತ್ತಿತ್ತು. ಮೂರು ದಿನ ಪೊಟ್ಟಣ ಮೇಜಿನ ಮೇಲಿತ್ತು. ನಾಲ್ಕನೆಯ ದಿನ ಅದನ್ನು ಒಡೆದು ಬೆಳಗಿನ ಸಾರಿಗೆ ಹಾಕಿದಳು.

ವಸಂತದಲ್ಲಿ ಫುಕುವೋಕದಿಂದ ಬೇರೊಬ್ಬ ವರ್ಗವಾಗಿ ಬಂದು ಕಿಟಕಿಯ ಪಕ್ಕ ಕೂತ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ಈ ವಾಸನೆ ಯಾವುದರದ್ದು ಅಮ್ಮಾ, ಹೆಂಡತಿಗೆ ಬರೆದು ತಿಳಿಸಬೇಕು ಎಂದು ಕೇಳಿದ.

“ಏನಿಲ್ಲಪ್ಪ,” ಎಂದಳು ತೊಮಿಯೆ. “ನಮ್ಮೂರ ನೀರೇ ಹಾಗೆ.”