ಪಡಸಾಲೆಯ ಚಂದ್ರಿಕೆ

ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಪಟಗಳ ಪಕ್ಕಕ್ಕೆ, ಗೋಡೆಗೆ ಒರಗಿಸಿದ ಹಳೆಯ ಚಂದ್ರಿಕೆಯೊಂದಿದೆ. ರೇಷ್ಮೆ ಸಾಕದ ಊರಿನವರಿಗೆ ಹೇಳಬೇಕೆಂದರೆ, ಅದು ಆಳೆತ್ತರದ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದಿರುತ್ತಾರೆ, ಹಣ್ಣಾದ ಹುಳ ಆ ಸಂದಿಗಳಲ್ಲಿ ಕೂತು ಗೂಡು ಕಟ್ಟುತ್ತದೆ. ನಮ್ಮ ಪಡಸಾಲೆಯ ಚಂದ್ರಿಕೆಯ ಸಂದಿಗಳಲ್ಲಿ ಮಾತ್ರ ಗೂಡಿನ ಬದಲು ಕಾಗದಗಳಿವೆ: ಎಲೆಯ ನರಗಳು, ಚಂದ್ರನ ಕಲೆಗಳು, ಗಡಿಯಾರದ ಮುಖ, ಅರ್ಧ ಕಾಲು ಎಂದು ಕತ್ತರಿಸಿದ ರೊಟ್ಟಿಗಳು. ಇದು ನನ್ನ ಮಗಳು ಇಂಚರಳ ಶಾಲೆ. ನಗುವುದಾದರೆ ಈಗಲೇ ನಕ್ಕುಬಿಡಿ. ಪೂರಿಗಾಲಿಯಿಂದ ಮಳವಳ್ಳಿಯ ತನಕ ಬಸ್ಸಿನಲ್ಲಿ ಕೂತವರೆಲ್ಲ ನಕ್ಕಾಗಿದೆ, ನನಗೆ ರೂಢಿಯಾಗಿದೆ.

ಇಂಚರಳಿಗೆ ಒಂಬತ್ತು ವರ್ಷ. ಅಕ್ಷರಗಳು ಅವಳ ಕಣ್ಣ ಮುಂದೆ ಒಂದು ಕಡೆ ನಿಲ್ಲುವುದಿಲ್ಲ. ಆದರೆ ಒಮ್ಮೆ ಕಂಡ ಚಿತ್ರವನ್ನು ಅವಳು ಮರೆತದ್ದಿಲ್ಲ. ಶಾಲೆಯಲ್ಲಿ ದಿನವೂ ಎಬ್ಬಿಸಿ ನಿಲ್ಲಿಸಿ ಓದಿಸಿದರು, ದಿನವೂ ತರಗತಿ ನಕ್ಕಿತು, ಬರಬರುತ್ತಾ ಹುಡುಗಿ ಮನೆಯಲ್ಲೂ ಮಾತು ನಿಲ್ಲಿಸಿದಳು. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕು, ಮಗು ಮೂಕಿಯಾದರೂ ಚಿಂತೆಯಿಲ್ಲ ಎಂದುಕೊಳ್ಳಲು ನನ್ನಿಂದ ಆಗಲಿಲ್ಲ. ಬಿಡಿಸಿ ಕರೆತಂದೆ. ಡಿಗ್ರಿ ಓದಿದವಳು ನಾನು, ನಾನೇ ಕಲಿಸುತ್ತೇನೆ ಎಂದೆ. ನನ್ನ ಗಂಡ ಯಾರ ಪಕ್ಷವನ್ನೂ ವಹಿಸದೆ ಹಿಪ್ಪುನೇರಳೆ ತೋಟದ ಕಡೆ ನಡೆದರು. ಎದುರು ನಿಂತವರು ನಮ್ಮತ್ತೆ. ಹುಳುಮನೆಯೂ ಅವರದೇ, ಚಂದ್ರಿಕೆಗಳೂ ಅವರವೇ, ಮನೆಯಲ್ಲಿ ಕೊನೆಯ ಮಾತೂ ಅವರದೇ.

"ಈ ಬೆಳೆ ಹಣ್ಣಾಗೋಗಂಟ ನೋಡ್ತೀನಿ ಕಣಮ್ಮ," ಎಂದರು. "ಹುಳ ಹಣ್ಣಾದ್ ದಿನ ನನ್ ಚಂದ್ರಿಕೆ ನಂಗ್ ಬೇಕು. ಆ ಕಾಗ್ದವ ಕಿತ್ತಾಕ್ಬುಟ್ಟು ಮಗೀನ ಇಸ್ಕೂಲ್ಗೆ ಕಳಿಸು."

ಆಗಲಿ ಎಂದು ಮಾತು ಕೊಟ್ಟೆ. ಹೀಗೆ ನನ್ನ ಶಾಲೆಗೆ ಸಿಕ್ಕ ಆಯುಷ್ಯ ಒಂದು ಹುಳುಬೆಳೆಯಷ್ಟು, ಅಂದರೆ ಹೆಚ್ಚುಕಡಿಮೆ ಮೂರು ವಾರ.

ನನ್ನ ಕೈಯಲ್ಲಿದ್ದ ಬಂಡವಾಳವೆಂದರೆ ಮೊಬೈಲಿನ ಒಂದು ಆ್ಯಪು. ಅದರಲ್ಲಿ ಬೇಕಾದ ಚಿತ್ರಗಳನ್ನು ಹುಡುಕಿ, ಗೋಡೆಗೆ ಸಿಕ್ಕಿಸಿಟ್ಟಂತೆ ಜೋಡಿಸಿಕೊಳ್ಳಬಹುದು. ಮನೆಪಾಠವೆಂದು ಕೇಳಿದರೆ ಸಾಕು, ಲೋಕದ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳ ಓದುವ ಮೇಜುಗಳ ಫೋಟೋ ತಂದು ಮುಂದಿಡುತ್ತಾರೆ. ನಾನು ಆಸೆಬುರುಕಿಯಂತೆ ಎಲ್ಲವನ್ನೂ ಬಾಚಿಕೊಂಡೆ. ಮಳವಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟು ತೆಗೆಸಿ ತಂದ ಮೊದಲ ಪಾಠ ಋತುಗಳ ಚಕ್ರ. ಅದರಲ್ಲಿ ಮಂಜಿನ ಬೊಂಬೆಯಿತ್ತು, ಎಲೆಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ ಮರವಿತ್ತು. ಇಂಚರ ಎರಡು ದಿನ ಕೂತು ಬಣ್ಣ ತುಂಬಿದಳು. ಆಮೇಲೆ ಕಿಟಕಿಯಾಚೆ ನೋಡಿ, "ಅವ್ವ, ಈ ಮರ ಎಲ್ಲದೆ?" ಎಂದಳು.

ಎಷ್ಟೋ ದಿನದ ಮೇಲೆ ಅವಳಾಗಿಯೇ ಕೇಳಿದ ಪ್ರಶ್ನೆಯದು, ಕೇಳಿದ್ದು ನಮ್ಮ ಸೀಮೆಯಲ್ಲೇ ಇಲ್ಲದ ಮರವನ್ನು. ನಾಚಿಕೆಯಾಯಿತು. ಒಗ್ಗದ ಬೆಂಚಿನಿಂದ ಎಬ್ಬಿಸಿ ತಂದ ಮಗಳನ್ನು ಅಂಥದೇ ಇನ್ನೊಂದು ಬೆಂಚಿನ ಮೇಲೆ ನಾನೇ ಕೂರಿಸಿದ್ದೆ.

ಮರುದಿನ ರೇಷ್ಮೆಹುಳದ ಜೀವನಚಕ್ರ ಹುಡುಕಿದೆ. ಚೆಂದದ ಚಿತ್ರವೇ ಸಿಕ್ಕಿತು: ಮೊಟ್ಟೆ, ಹುಳ, ಗೂಡು, ಚಿಟ್ಟೆ. ಇಂಚರ ಅದನ್ನು ಹುಳುಮನೆಗೆ ಒಯ್ದು, ಹುಳ ಮೇಯುವ ತಟ್ಟೆಯ ಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. "ಇದ್ರಲ್ಲಿ ಜ್ವರಾನೇ ಇಲ್ಲ," ಎಂದಳು. ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿಕೊಂಡು, ಅಲುಗಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆ ಜಗತ್ಪ್ರಸಿದ್ಧ ಚಿತ್ರ ಬರೆದವರು ಅದನ್ನು ಬಿಟ್ಟಿದ್ದರು. ಬಹುಶಃ ಹುಳ ಏನೂ ಮಾಡುತ್ತಿಲ್ಲವೆಂದು ಅವರಿಗೆ ಕಂಡಿರಬೇಕು. ಎಷ್ಟು ಸಲ ಕೂರುತ್ತದೆಂದು ಅಜ್ಜಿಯನ್ನು ಕೇಳಿಕೊಂಡು, ಬಿಟ್ಟುಹೋದ ನಾಲ್ಕು ಜ್ವರಗಳನ್ನೂ ಇಂಚರ ತಾನೇ ಬರೆದು ಚಂದ್ರಿಕೆಯ ನಡುವಿಗೆ ಸಿಕ್ಕಿಸಿದಳು. ಅಂದಿನಿಂದ ಆ ಆ್ಯಪನ್ನು ನಾನು ಗುರುವೆಂದು ನಂಬಿಲ್ಲ. ಅದು ತೋರಿಸುತ್ತದೆ, ನನ್ನ ಮಗಳು ತಿದ್ದುತ್ತಾಳೆ.

ಎರಡನೆಯ ವಾರದಲ್ಲಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿ ಹಿಡಿದು ಮೇಷ್ಟ್ರೊಬ್ಬರು ಬಂದರು. ಒಳ್ಳೆಯವರು, ಚಪ್ಪಲಿ ಬಿಟ್ಟು ಒಳಗೆ ಬಂದರು. ಪುಸ್ತಕ ತೆಗೆದು ಒಂದು ಸಾಲು ಓದೆಂದರು. ಇಂಚರಳ ತುಟಿ ಬಿಗಿಯಿತು, ಸಾಲು ಹೊರಡಲಿಲ್ಲ. ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ನನ್ನ ಮುಖ ನೋಡಿದರು. ಮೇಷ್ಟ್ರು ಮುಜುಗರದಿಂದ ಚಂದ್ರಿಕೆಯತ್ತ ತಿರುಗಿ, ಇಂಚರ ಬರೆದ ಚಿತ್ರವೊಂದನ್ನು ತೋರಿಸಿ, "ಈ ಹುಳ ಯಾಕಮ್ಮ ಸುಮ್ನೆ ಕೂತಿದೆ?" ಎಂದು ಕೇಳಿದರು.

"ಜ್ವರಕ್ ಕೂತದೆ ಸಾರ್," ಎಂದಳು ಇಂಚರ. "ಈಗ ಸೊಪ್ಪಾಕ್ಬಾರ್ದು. ಹಾಕುದ್ರೆ ತಿನ್ನಲ್ಲ, ಸೊಪ್ಪಿನಡೀಲಿ ಸಿಕ್ಕಾಕೊಂಡ್ ಸತ್ತೋಯ್ತದೆ. ಸುಮ್ನೆ ಬುಟ್ರೆ ಅದೇ ಏಳ್ತದೆ."

ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಮೇಷ್ಟ್ರು ತಲೆದೂಗಿದರು, ಆದರೂ ಪಟ್ಟಿ ಪಟ್ಟಿಯೇ, ಹೆಸರು ಬರೆಯಲೇಬೇಕು ಎಂದರು. "ಬರ್ಕೊಳಿ ಸಾರ್," ಎಂದೆ, "ಇನಿಷಿಯಲ್ಲು ಮಾತ್ರ ಸರಿಯಾಗಿ ಹಾಕಿ." ಉದ್ಧಟತನವೆನ್ನಿ, ಪರವಾಗಿಲ್ಲ. ಓದು ಬೇಡವೆಂಬ ಹಟ ನನ್ನದಲ್ಲ. ಇಂಚರ ಓದುತ್ತಾಳೆ, ಚಿತ್ರದ ಕೈ ಹಿಡಿದೇ ಒಂದು ದಿನ ಅಕ್ಷರದ ಹತ್ತಿರ ಹೋಗುತ್ತಾಳೆ. ಆದರೆ ಸಾವಿರಾರು ಹುಳಗಳಿಗೆ ತೋರಿಸುವ ತಾಳ್ಮೆಯನ್ನು ನಾವು ಒಂದು ಮಗುವಿಗೆ ಯಾಕೆ ತೋರಿಸುವುದಿಲ್ಲವೆಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಮೂರನೆಯ ವಾರ ಮುಗಿಯುವಷ್ಟರಲ್ಲಿ ಹುಳ ಹಣ್ಣಾಯಿತು. ಮೈ ಜೇನಿನ ಬಣ್ಣಕ್ಕೆ ತಿರುಗಿ, ಮೇವು ಬಿಟ್ಟು, ಗೂಡಿಗೆ ಜಾಗ ಹುಡುಕುತ್ತಾ ತಲೆಯಾಡಿಸತೊಡಗಿತು. ಮನೆಮಂದಿಯೆಲ್ಲ ಹುಳ ಆಯಲು ಕೂತೆವು. ಮಧ್ಯಾಹ್ನದ ಹೊತ್ತಿಗೆ ಇದ್ದ ಚಂದ್ರಿಕೆಗಳೆಲ್ಲ ತುಂಬಿ, ಒಂದು ಕಡಿಮೆ ಬಿತ್ತು. ಅತ್ತೆ ಎದ್ದು ಪಡಸಾಲೆಗೆ ಹೋದರು. ನಾನೂ ಹಿಂದೆಯೇ ಹೋದೆ. ಕೊಟ್ಟ ಮಾತು ಮಾತೇ. ಬೇಡಿಕೊಳ್ಳಬಾರದೆಂದು ಹಲ್ಲು ಕಚ್ಚಿ ನಡುವಿನ ಒಂದು ಕಾಗದ ಕಿತ್ತೆ. ಕೈಗೆ ಬಂದದ್ದು ನಾಲ್ಕನೆಯ ಜ್ವರ. ಬಾಗಿಲಲ್ಲಿ ಇಂಚರ ನಿಂತಿದ್ದಳು.

ಅತ್ತೆ ಆ ಕಾಗದವನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅದ ಬುಡು," ಎಂದರು. "ಪಕ್ಕದ್ಮನೇಲಿ ಒಂದ್ ಇಸ್ಕಬತ್ತೀನಿ. ಇದ್ರಲ್ಲಿರೋದು ಇನ್ನೂ ಹಣ್ಣಾಗಿಲ್ಲ ಕಣಮ್ಮ."

ಇಂಚರ ಅಜ್ಜಿಯ ಹಿಂದೆ ಚಂದ್ರಿಕೆ ಹೊರಲು ಓಡಿದಳು. ನಾನು ಕಿತ್ತ ಕಾಗದವನ್ನು ಅದೇ ಸಂದಿಗೆ ಮತ್ತೆ ಸಿಕ್ಕಿಸಿದೆ.