ಕುಬ್ರಾಳ ಕೈ ಕಾವು

2014ರ ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಅಮೃತಹಳ್ಳಿ ಕಡೆಯ ಪ್ರಯೋಗಾಲಯವೊಂದರ ವರಾಂಡದಲ್ಲಿ ಕುಬ್ರಾ ಹಳದಿ ನೀರಿನ ಪುಟ್ಟ ಸೀಸೆಯನ್ನು ಎರಡೂ ಅಂಗೈಗಳ ನಡುವೆ ಅವುಚಿ ಹಿಡಿದು ನಿಂತಿದ್ದಳು. ಒಳಗೆ ಸಮಿತಿ ಕುಳಿತಿತ್ತು. ಅವಳ ಸಂಶೋಧನಾ ವೇತನ ಇನ್ನೆರಡು ವರ್ಷ ಮುಂದುವರಿಯುವುದೋ, ಅವಳು ಆರ್.ಟಿ. ನಗರದ ಟ್ಯೂಷನ್ ಮಕ್ಕಳ ಬಳಿಗೆ ಮರಳುವುದೋ, ಅಂದೇ ತೀರ್ಮಾನವಾಗಬೇಕಿತ್ತು.

"ಏನೇ ಕುಬ್ರಾ, ಮೊಟ್ಟೆಗೆ ಕಾವು ಕೊಡ್ತಿದೀಯಾ?" ಜೊತೆ ಕೆಲಸದ ಶಶಿರೇಖಾ ಛೇಡಿಸಿದಳು.

"ಸುಮ್ನಿರೇ. ನನ್ನ ಕೈ ಎಂಥದ್ದು ಅಂತ ಗೊತ್ತಲ್ಲ?"

ಗೊತ್ತಿಲ್ಲದವರು ಯಾರು! ಮನೆಗೆ ನೆಂಟರು ಬಂದರೆ ಅಮ್ಮಿ ರೆಹಾನಾ ಪಿಂಗಾಣಿ ಕಪ್ಪುಗಳನ್ನು ತಾವೇ ತರುತ್ತಿದ್ದರು. ಮಗಳ ಪಾಲಿಗೆ ಬಿಸ್ಕತ್ತಿನ ತಟ್ಟೆ, ಅದೂ ಸ್ಟೀಲಿನದು. ಲ್ಯಾಬಿನಲ್ಲಿ ಗಾಜು ಒಡೆದ ಸದ್ದಾದರೆ ಯಾರೂ ತಲೆಯೆತ್ತದೆ "ಕುಬ್ರಾ ಬಂದ್ಲು" ಎನ್ನುತ್ತಿದ್ದರು. ಹಾಗನ್ನುವುದನ್ನು ಶುರುಮಾಡಿದವಳು ಸ್ವತಃ ಕುಬ್ರಾಳೇ.

ಅವಳು ಸಿದ್ಧಪಡಿಸಿದ್ದು ನೀರಿನಲ್ಲಿ ತನ್ನ ವೇಗವನ್ನು ತಾನೇ ಹತೋಟಿಯಲ್ಲಿಡುವ ಕ್ರಿಯಾವರ್ಧಕ, ಅಂದರೆ ಕ್ಯಾಟಲಿಸ್ಟ್. ಕಣ್ಣಿಗೆ ಕಾಣದ ಪಾಲಿಮರ್ ಮಣಿಗಳು, ಅವುಗಳ ಹೊಟ್ಟೆಯಲ್ಲಿ ಲೋಹದ ಕಣಗಳು. ತಣ್ಣೀರಿನಲ್ಲಿ ಮಣಿ ಉಬ್ಬುತ್ತದೆ. ನೀರಿಗೆ ಬೆರೆಸಿದ ಹಳದಿ ಬಣ್ಣ ಒಳಹೊಕ್ಕು ಲೋಹಕ್ಕೆ ತಾಗಿ ಅಳಿಯುತ್ತದೆ. ನೀರು ಮೂವತ್ತೆರಡು ಡಿಗ್ರಿ ದಾಟಿದರೆ ಮಣಿ ಮುದುಡಿ ಬಾಗಿಲು ಮುಚ್ಚುತ್ತದೆ, ಕೆಲಸ ಬಂದ್. ತಣಿದರೆ ಮತ್ತೆ ಶುರು.

ಒಳಗೆ ಕರೆದಾಗ, ಸಮಿತಿಯ ಎದುರು ಹಳದಿ ನೀರಿನ ಸೀಸೆಗೆ ಆ ಕ್ರಿಯಾವರ್ಧಕದ ಹನಿ ಬಿಟ್ಟು, ಮುಚ್ಚಳ ಬಿಗಿದು, ಬಿದ್ದೀತೆಂಬ ಭಯಕ್ಕೆ ಮತ್ತೆ ಅಂಗೈಯೊಳಗೇ ಅವುಚಿಕೊಂಡಳು. "ಐದು ನಿಮಿಷದಲ್ಲಿ ಬಣ್ಣ ಹೋಗುತ್ತೆ ಸರ್."

ಐದಾಯಿತು, ಹತ್ತಾಯಿತು. ಹಳದಿ ಹಳದಿಯಾಗಿಯೇ ಉಳಿಯಿತು.

"ಏನಮ್ಮಾ, ನಿಮ್ಮ ಕ್ರಿಯಾವರ್ಧಕಕ್ಕೆ ಇವತ್ತು ರಜಾನಾ?" ಅಧ್ಯಕ್ಷ ರಘುನಾಥ್ ಕೇಳಿದರು.

ಕುಬ್ರಾ ಸೀಸೆಯನ್ನು ಮೇಜಿನ ಮೇಲಿಟ್ಟು, ಬೆವರಿದ ಕೈ ಒರೆಸಿಕೊಂಡು, ಏನೇನು ಕೆಟ್ಟಿರಬಹುದೆಂದು ಬೋರ್ಡಿನ ಮೇಲೆ ಬರೆಯತೊಡಗಿದಳು. ನೀರು ಶುದ್ಧವಿಲ್ಲ, ಬಣ್ಣ ಹಳೆಯದು, ಲೋಹ ಕಮ್ಮಿ. ಇನ್ನು ಜಾತಕ ಒಂದನ್ನು ದೂರುವುದು ಬಾಕಿಯಿತ್ತು, ಅಷ್ಟರಲ್ಲಿ ರಘುನಾಥ್, "ಸ್ವಲ್ಪ ಈ ಕಡೆ ತಿರುಗಿ" ಎಂದರು.

ಸೀಸೆಯ ನೀರು ತಿಳಿಯಾಗಿತ್ತು.

ಕುಬ್ರಾ ಸೀಸೆ ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ನಗು ತಡೆಯಲಾಗಲಿಲ್ಲ.

"ಏನೂ ಕೆಟ್ಟಿರ್ಲಿಲ್ಲ ಸರ್. ನಾನೇ ಹಿಡ್ಕೊಂಡು ಹಿಡ್ಕೊಂಡು ಬಿಸಿ ಮಾಡ್ಬಿಟ್ಟಿದ್ದೆ. ಅದು ಹೇಳ್ದಂಗೆ ಕೇಳ್ತಿತ್ತು; ಹತೋಟಿ ತಪ್ಪಿದ್ದು ನಾನು."

"ಕೈ ಅಷ್ಟು ಬಿಸಿ ಇರುತ್ತಾ?"

"ಅದನ್ನ ಅಳ್ದಿಲ್ಲ ಸರ್." ಎರಡು ವರ್ಷದಲ್ಲಿ ಅವಳು ಅಳೆಯದೆ ಬಿಟ್ಟಿದ್ದು ಅದೊಂದನ್ನೇ.

ರಘುನಾಥ್ ಪಕ್ಕದವರತ್ತ ನೋಡಿದರು, ಅವರು ತಲೆಯಾಡಿಸಿದರು. "ವೇತನ ಮುಂದುವರಿಸ್ತೀವಮ್ಮ. ಮೊದ್ಲು ಸೀಸೆ ಇಡೋಕೆ ಒಂದು ಸ್ಟ್ಯಾಂಡ್ ತಗೊಳ್ಳಿ. ಈಗ ಕೈ ಅಳೀರಿ, ಅದನ್ನೂ ಬರ್ಕೊಳ್ಳೋಣ."

ಮುಷ್ಟಿಯಲ್ಲಿ ಥರ್ಮಾಮೀಟರಿನ ತುದಿ ಹಿಡಿದು, ಪಾದರಸ ಏರುವುದು ನಿಲ್ಲುವವರೆಗೂ ಕುಬ್ರಾ ಶಾಲೆಯ ಹುಡುಗಿಯಂತೆ ಹಿರಿಯರೆದುರು ನಿಂತಳು. ಆಮೇಲೆ ಕಣ್ಣ ಹತ್ತಿರ ಹಿಡಿದು, ಕೊನೆಯ ಕುರ್ಚಿಯವರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು: "ಮೂವತ್ತಮೂರು ಪಾಯಿಂಟ್ ಆರು."