ಕಾಫಿ ಅಂಗಡಿಯ ಡಾಕ್ಟರು

"ಅಮ್ಮಾ, ಕ್ವಾರೆಸ್ಮಾ ಮಾಮ ಡಾಕ್ಟರ್ ಅಲ್ವಾ? ಮತ್ತೆ ನನ್ನ ಮಂಡೀಲಿ ರಕ್ತ ನೋಡಿ ಯಾಕೆ ಓಡಿಹೋದ್ರು?"

ಇರಿಯಾ ಮಗಳ ಮಂಡಿಗೆ ಪಟ್ಟಿ ಅಂಟಿಸುತ್ತಿದ್ದಳು. ಪುಟ್ಟ ಬೆನೆಡೀತಾಳಿಗೆ ಹೊಳೆದದ್ದು ಪೋರ್ಚುಗಲ್ಲಿನ ಕೊಯಿಂಬ್ರಾ ಊರಿನ ಆ ಬೀದಿಯ ದೊಡ್ಡವರಿಗೆ ಯಾರಿಗೂ ಹೊಳೆದಿರಲಿಲ್ಲ. "ಅವರು ಬೇರೆ ಥರದ ಡಾಕ್ಟರು ಪುಟ್ಟಿ," ಎಂದಳು. ಆಗ ಅವಳೂ ಹಾಗೆಂದೇ ನಂಬಿದ್ದಳು.

ಬಾಲ್ತಾಸಾರ್ ಕ್ವಾರೆಸ್ಮಾ ಯಾವ ಥರದ ಡಾಕ್ಟರೂ ಅಲ್ಲ. ಪ್ರವಾಸೋದ್ಯಮ ಓದಲು ಹೋಗಿ ಅದನ್ನೂ ಮುಗಿಸದೆ, ಹೋಟೆಲೊಂದರಲ್ಲಿ ಬಂದವರಿಗೆ ಕೋಣೆಯ ಬೀಗದ ಕೈ ಕೊಡುತ್ತಿದ್ದವನು, ಸೋದರಮಾವನ ಶಿಫಾರಸಿನಿಂದ ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ಮೆದುಳು ಸಂಶೋಧನಾ ಕೇಂದ್ರಕ್ಕೆ ತೂರಿಕೊಂಡಿದ್ದ. ಇಲಿಯ ಮೆದುಳಿನಲ್ಲಿ ಕಂಡದ್ದನ್ನು ಮನುಷ್ಯರ ಚಿಕಿತ್ಸೆಯವರೆಗೆ ತಲುಪಿಸುವುದು ಆ ಕೇಂದ್ರದ ಕೆಲಸ. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. ಹೆಚ್ಚಿನ ಪ್ರಯೋಗಗಳು ನಡುದಾರಿಯಲ್ಲೇ ನಿಂತುಹೋಗುತ್ತವೆ. ಕ್ವಾರೆಸ್ಮಾನ ಪಾಲಿಗೆ ಬಂದದ್ದು ಭಿತ್ತಿಪತ್ರ ಅಂಟಿಸುವುದು, ಅತಿಥಿಗಳಿಗೆ ಕುರ್ಚಿ ಹಾಕಿಸುವುದು, ಪ್ರಯೋಗಕ್ಕೆ ಒಪ್ಪುವ ರೋಗಿಗಳ ಹೆಸರು ಬರೆದುಕೊಳ್ಳುವುದು. ಇಲಿಮನೆಗೆ ಹೋಗುವಾಗ ತೊಡಲೆಂದು ಕೊಟ್ಟ ಬಿಳಿ ಕೋಟನ್ನು ಅವನು ಇಲಿಮನೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ತೊಟ್ಟುಕೊಂಡು ಹೋದ. ಇಲಿ ಕಂಡರೆ ಅವನಿಗೆ ಹೆದರಿಕೆ.

ಆ ಊರಿನಲ್ಲಿ ಯಾವುದಾದರೊಂದು ಪದವಿ ಪಡೆದವರೆಲ್ಲ ಡಾಕ್ಟರೇ, ವಕೀಲನೂ, ಇತಿಹಾಸದ ಮೇಷ್ಟರೂ. ಕೋಟು ಕಂಡ ಕಾಫಿ ಅಂಗಡಿಯ ಅಡೆಲಿನೊ ಒಂದು ಬೆಳಿಗ್ಗೆ "ಇನ್ನೇನು ಕೊಡ್ಲಿ ಡಾಕ್ಟರೇ?" ಅಂದ. ಅಲ್ಲಪ್ಪ ಅನ್ನಲು ಕ್ವಾರೆಸ್ಮಾನಿಗೆ ಬಾಯಿ ಇತ್ತು. ಅದರ ತುಂಬ ಅಂಗಡಿಯ ಸಿಹಿತಿಂಡಿ ಇತ್ತು.

ಅಲ್ಲಿಂದ ಮುಂದೆ ಬೀದಿಯ ಮುದುಕಿಯರು ಬೆನ್ನುನೋವು, ಮಲಬದ್ಧತೆ, ಅಳಿಯನ ಕುಡಿತ, ಎಲ್ಲವನ್ನೂ ಅವನ ಮೇಜಿಗೆ ತಂದರು. ಅವನು ಕಣ್ಣು ಕಿರಿದು ಮಾಡಿ "ಮೆದುಳು ಅನ್ನೋದು ದೊಡ್ಡ ಸಮುದ್ರ ಕಣಮ್ಮ" ಅನ್ನುತ್ತಿದ್ದ. ಗೊತ್ತಿಲ್ಲ ಅನ್ನುವ ಒಂದು ಮಾತು ಮಾತ್ರ ಅವನ ಗಂಟಲಿನಿಂದ ಹೊರಟದ್ದಿಲ್ಲ.

ಇರಿಯಾಳ ತಾಯಿ ದೆಯೊಲಿಂದಾಳಿಗೆ ಪಾರ್ಕಿನ್ಸನ್ ಕಾಯಿಲೆ. ಹೊತ್ತುಹೊತ್ತಿಗೆ ಮಾತ್ರೆ ನುಂಗಿದರೆ ತಾನೇ ಸೂಪು ಕುಡಿಯುತ್ತಾಳೆ, ಮೊಮ್ಮಗಳ ಜಡೆ ಹೆಣೆಯುತ್ತಾಳೆ. ತಪ್ಪಿದರೆ ಮೈ ಮರಗಟ್ಟುತ್ತದೆ. ಆ ಚಳಿಗಾಲದಲ್ಲಿ ಇದೇ ಕಾಯಿಲೆಗೆ ಕೇಂದ್ರ ನಡೆಸಲಿದ್ದ ಹೊಸ ಪ್ರಯೋಗದ ಭಿತ್ತಿಪತ್ರ ಅಡೆಲಿನೊನ ಅಂಗಡಿಯ ಗಾಜಿಗೂ ಬಂತು.

"ನನ್ನನ್ನೂ ಸೇರಿಸ್ಕೋತೀರಾ ಡಾಕ್ಟರೇ?" ಎಂದು ಮುದುಕಿ ಕೇಳಿದಳು.

"ಯಾಕಾಗ್ಬಾರ್ದು ದೆಯೊಲಿಂದಮ್ಮ? ನಮ್ಮ ಇಲಿಗಳು ಮಾತ್ರೆ ಗೀತ್ರೆ ಇಲ್ದೆ ಕುದುರೆ ಥರ ಓಡ್ತಿವೆ."

"ಹಾಗಾದ್ರೆ ಮಾತ್ರೆ ತಗೊಳ್ಳೋರನ್ನ ಸೇರಿಸ್ಕೊಳ್ಳಲ್ವಾ?"

ಅವನಿಗೆ ಗೊತ್ತಿರಲಿಲ್ಲ. ಗುಡ್ಡದ ಮೇಲಿನ ಕೇಂದ್ರಕ್ಕೆ ಒಂದು ಫೋನು ಮಾಡಿದ್ದರೆ ಗೊತ್ತಾಗುತ್ತಿತ್ತು. "ಮೈ ಶುದ್ಧವಾಗಿದ್ದಷ್ಟೂ ಒಳ್ಳೇದಲ್ವಾ?" ಅಂದು ಇನ್ನೊಂದು ಕಾಫಿಗೆ ಹೇಳಿದ.

ದೆಯೊಲಿಂದಾ ಮಾತ್ರೆಗಳನ್ನು ಅಂಗಿಗುಂಡಿಯ ಡಬ್ಬಿಗೆ ಹಾಕತೊಡಗಿದಳು. ಮಗಳು ಬೈದಾಳೆಂದು ಬಾಯಿಬಿಡಲಿಲ್ಲ. ಒಂದು ಮಧ್ಯಾಹ್ನ ಇರಿಯಾ ಕೆಲಸದಿಂದ ಬಂದಾಗ ಬೆನೆಡೀತಾ ಅರ್ಧ ಹೆಣೆದ ಜಡೆಯೊಂದಿಗೆ ಸ್ಟೂಲಿನ ಮೇಲೆ ಕೂತಿದ್ದಳು. ಹಿಂದೆ ಅಜ್ಜಿ ನಿಂತಿದ್ದಳು, ಬೆರಳುಗಳು ಕೂದಲಿನಲ್ಲೇ ಬಿಗಿದುಕೊಂಡಿದ್ದವು.

"ಅಜ್ಜಿ ಕೈ ನಿಂತೋಗಿದೆ ಅಮ್ಮಾ. ಬಿದ್ದುಬಿಡ್ತಾಳೆ ಅಂತ ನಾನು ಅಲ್ಲಾಡ್ಲೇ ಇಲ್ಲ."

ಆಸ್ಪತ್ರೆಯ ದಾರಿಯಲ್ಲಿ ತಾಯಿ ಡಬ್ಬಿಯ ವಿಷಯ, ಕ್ವಾರೆಸ್ಮಾನ ಮಾತು ಎರಡನ್ನೂ ಬಾಯಿಬಿಟ್ಟಳು. ಅಲ್ಲಿನ ವೈದ್ಯೆ ಸಿಡಿದಳು. "ಮಾತ್ರೆ ನಿಲ್ಲಿಸೋಕೆ ಯಾರ್ರೀ ಹೇಳಿದ್ದು? ಆ ಪ್ರಯೋಗಕ್ಕೆ ಮಾತ್ರೆ ತಗೊಳ್ತಿರೋರೇ ಬೇಕು!"

"ಡಾಕ್ಟರ್ ಕ್ವಾರೆಸ್ಮಾ," ಎಂದಳು ಇರಿಯಾ.

"ಯಾರದು?"

ವಾರಗಳ ಮೇಲೆ ದೆಯೊಲಿಂದಾ ಮನೆಗೆ ಮರಳಿದಳು. ಚಮಚ ಹಿಡಿದಳು. ಜಡೆ ಹೆಣೆಯುವ ಬೆರಳು ಮಾತ್ರ ಇನ್ನೂ ಬಂದಿಲ್ಲ. ಇರಿಯಾ ತಾಯಿಗೆ ಊಟ ಮಾಡಿಸಿ, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಗುಡ್ಡ ಹತ್ತಿದಳು.

ಡಾಕ್ಟರ ಕೋಣೆ ಮೆಟ್ಟಿಲ ಕೆಳಗಿತ್ತು, ಸುತ್ತಿಟ್ಟ ಭಿತ್ತಿಪತ್ರಗಳ ನಡುವೆ.

"ನಾನು ಡಾಕ್ಟರ್ ಅಂತ ಯಾವತ್ತೂ ಹೇಳಿಲ್ಲ ಇರಿಯಾ ಅವರೇ. ಅವರಾಗೇ ಕರೆದ್ರು."

"ಕರೆದಾಗ ತಿರುಗಿ ನೋಡಿದ್ದು ಯಾರು? ನಿಮ್ಮ ಕೋಟಾ? ನಾಳೆ ಬೆಳಿಗ್ಗೆ ಅಂಗಡಿಲಿ ಆ ಮುದುಕಿಯರಿಗೆಲ್ಲ ನೀವೇ ಹೇಳ್ಬೇಕು, ನನ್ನ ಮಾತು ಕೇಳಿ ಒಂದು ಮಾತ್ರೇನೂ ಬಿಡಬೇಡಿ ಅಂತ. ಇಲ್ದಿದ್ರೆ ನಿಮ್ಮ ನಿರ್ದೇಶಕರ ಬಾಗಿಲು ಎಲ್ಲಿದೆ ಅಂತ ನಂಗೊತ್ತು."

"ಹೇಳ್ತೀನಿ, ಹೇಳ್ತೀನಿ," ಅಂದವನೇ ಅತ್ತುಬಿಟ್ಟ. ಮಕ್ಕಳನ್ನು ಸಾಕಿದವಳಿಗೆ ಅಳುವಿನ ಜಾತಿ ತಿಳಿಯುತ್ತದೆ. ಈ ಅಳುವಿನಲ್ಲಿ ದೆಯೊಲಿಂದಾ ಎಲ್ಲೂ ಇರಲಿಲ್ಲ. ಆದರೂ ಇರಿಯಾ ಕೈಚೀಲದಿಂದ ಮಗಳ ಮೂಗೊರೆಸುವ ಕಾಗದ ತೆಗೆದು ಕೊಟ್ಟಳು, ಮೇಜಿನ ಮೇಲೆ ಸೋರದಿರಲಿ ಎಂದು.

ಅವನು ಮೂಗು ಸೀಟಿಕೊಂಡು ಬಾಗಿಲವರೆಗೂ ಹಿಂದೆಯೇ ಬಂದ.

"ಒಂದು ಉಪಕಾರ ಮಾಡ್ತೀರಾ? ಮುದುಕಿಯರಿಗೆ ಹೇಳೇ ಹೇಳ್ತೀನಿ, ಆಣೆ. ಆದ್ರೆ ಅಡೆಲಿನೊ ಮುಂದೆ... ನೀವಾದ್ರೂ ನನ್ನ ಡಾಕ್ಟರೇ ಅಂತ್ಲೇ ಕರೀರಿ."